ಇಪ್ಪತ್ತು ಕೋಟಿ ಸಾಲುಗಳ ಮನೆ ಪಾಲು



2018ರ ಜೂನ್ ತಿಂಗಳ ಒಂದು ಶನಿವಾರ. ರಾತ್ರಿ ಊಟ ಮುಗಿಸಿ ಮತ್ತೆ ಆಫೀಸಿಗೆ ಹೊರಟು ನಿಂತ ನನ್ನನ್ನು ಕಂಡು ತಾಯಿಯವರು ಕೇಳಿದರು: "ಇಷ್ಟು ಹೊತ್ತಿಗೆ ಎಲ್ಲಿಗೆ ಮಾರಾಯ?"

"ಆಫೀಸಿನಲ್ಲಿ ಪಾರ್ಟಿಷನ್ ಕೆಲಸ ಇದೆ ಅಮ್ಮ. ಬೆಳಗಾಗಬಹುದು" ಎಂದೆ.

ಅವರ ಮುಖ ಸಣ್ಣದಾಯಿತು. "ಯಾರ ಮನೆ ಪಾಲು? ಅಣ್ಣ ತಮ್ಮಂದಿರು ಜಗಳ ಮಾಡಿಕೊಂಡರಾ?"

ನನಗೆ ನಗು ಬಂತು. ಮುಂಬಯಿಯ ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕ ಕುಳಿತು ಯೋಚಿಸುತ್ತಾ ಹೋದಂತೆ, ತಾಯಿಯವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ ಅನಿಸಿತು. ನಾನು ಆ ರಾತ್ರಿ ಮಾಡಲಿದ್ದುದೂ ಒಂದು ಮನೆ ಪಾಲೇ. ಪಾಲು ಮಾಡುವಾಗ ಯಾರಿಗೂ ಕಡಿಮೆ ಬೀಳಬಾರದು, ಯಾರಿಗೂ ಎರಡು ಸಲ ಹೋಗಬಾರದು, ಹಳೆಯ ದಸ್ತಾವೇಜನ್ನು ಆತುರದಿಂದ ಹರಿದು ಹಾಕಬಾರದು. ಈ ಮೂರನೆಯ ಮಾತನ್ನು ಮರೆತು ಆ ರಾತ್ರಿ ನಾನು ಎಂಥ ಅನಾಹುತದ ಅಂಚಿಗೆ ಹೋಗಿದ್ದೆ ಎಂಬುದನ್ನು ನಿಮಗೆ ಹೇಳಬೇಕೆಂದೇ ಈ ಲೇಖನ. ನಿಮ್ಮಲ್ಲಿ ಅನೇಕರು ಕಂಪ್ಯೂಟರ್ ಓದಿದವರು, ಓದುತ್ತಿರುವವರು. ನಾಳೆ ಇಂಥದೇ ಕೆಲಸ ನಿಮ್ಮ ಕೈಗೂ ಬರಬಹುದು. ಕಂಪ್ಯೂಟರ್ ಗೊತ್ತಿಲ್ಲದವರೂ ಗಾಬರಿಯಾಗಬೇಡಿ. ಮನೆ ಬದಲಾಯಿಸಿದ ಅನುಭವವಿದ್ದರೆ ಸಾಕು, ಉಳಿದುದೆಲ್ಲ ಅರ್ಥವಾಗುತ್ತದೆ.

ಹನಿಗೂಡಿದರೆ ಹಳ್ಳ

ಬ್ಯಾಂಕಿರಲಿ, ವಿಮಾ ಕಂಪನಿಯಿರಲಿ, ಕಿರಾಣಿ ಅಂಗಡಿಯಿರಲಿ, ದಿನದ ವ್ಯವಹಾರವನ್ನು ಕಂಪ್ಯೂಟರು ಬರೆದಿಡುವುದು ಕೋಷ್ಟಕಗಳಲ್ಲಿ. ಇಂಗ್ಲಿಷಿನವರು ಇದನ್ನೇ ಟೇಬಲ್ ಎನ್ನುತ್ತಾರೆ. ಒಂದು ವ್ಯವಹಾರಕ್ಕೆ ಒಂದು ಸಾಲು: ರಸೀದಿ ಸಂಖ್ಯೆ, ದಿನಾಂಕ, ಖಾತೆ, ಮೊತ್ತ. ಮಾಹಿತಿಯನ್ನು ಹೀಗೆ ಸಾಲು ಮತ್ತು ಕಾಲಂಗಳಲ್ಲಿ ಜೋಡಿಸುವ ಸಿದ್ಧಾಂತವನ್ನು ಇ. ಎಫ್. ಕಾಡ್ ಎಂಬ ವಿಜ್ಞಾನಿ 1970ರಲ್ಲಿ ಪ್ರಕಟಿಸಿದರು. ಇಂದಿಗೂ ಲೋಕದ ಲೆಕ್ಕಪತ್ರದ ಬಹುಪಾಲು ಅದೇ ಅಡಿಪಾಯದ ಮೇಲೆ ನಿಂತಿದೆ.

ಮೊದಲ ವರ್ಷ ಕೋಷ್ಟಕ ಚಿಕ್ಕದು, ಕೇಳಿದ ಕೂಡಲೇ ಉತ್ತರ ಬರುತ್ತದೆ. ಐದು ವರ್ಷ ಕಳೆದರೆ ಕೋಟಿ ಸಾಲು, ಹತ್ತು ವರ್ಷಕ್ಕೆ ಹತ್ತಾರು ಕೋಟಿ. ಎಷ್ಟು ವೇಗವಾಗಿ ಬೆಳೆಯುತ್ತದೆಂಬುದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ ಯುಪಿಐ. 2016ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ 2023ರ ಆಗಸ್ಟ್ ತಿಂಗಳೊಂದರಲ್ಲೇ 1000 ಕೋಟಿಗೂ ಹೆಚ್ಚು ವ್ಯವಹಾರ ನಡೆಯಿತು. ನೀವು ಸ್ಟೇಷನ್ನಿನ ಹೊರಗೆ ವಡಾಪಾವ್ ತಿಂದು ಕೊಟ್ಟ ಹಣವೂ ಎಲ್ಲೋ ಒಂದು ಕೋಷ್ಟಕದಲ್ಲಿ ಒಂದು ಸಾಲು.

ನಾನು ದುಡಿಯುತ್ತಿದ್ದುದು ಒಂದು ಹಣಕಾಸು ಸಂಸ್ಥೆಯಲ್ಲಿ. ಅಲ್ಲಿಯ ವ್ಯವಹಾರದ ಕೋಷ್ಟಕದಲ್ಲಿ 2007ರ ಏಪ್ರಿಲ್‌ನಿಂದ ಆ ದಿನದವರೆಗೆ ಸುಮಾರು 20 ಕೋಟಿ ಸಾಲುಗಳು ಸೇರಿದ್ದವು. ವರ್ಷದ ವರದಿ ತೆಗೆಯಲು ಹೊರಟರೆ ಗುಮಾಸ್ತರು ಚಹಾ ಕುಡಿದು ಬಂದರೂ ಪರದೆ ತಿರುಗುತ್ತಲೇ ಇರುತ್ತಿತ್ತು. ಹಳೆಯ ಸಾಲುಗಳನ್ನು ಅಳಿಸಲು ಹೋದರೆ ಇನ್ನೂ ಕಷ್ಟ. ಅಳಿಸುವ ಪ್ರತಿಯೊಂದು ಸಾಲಿಗೂ ಯಂತ್ರವು ಲಾಗ್ ಬರೆಯುತ್ತದೆ. ಕೋಟಿ ಸಾಲು ಅಳಿಸಲು ಗಂಟೆಗಟ್ಟಲೆ ಬೇಕು. ಅಷ್ಟು ಮಾಡಿದರೂ ಡಿಸ್ಕಿನ ಜಾಗ ಕೂಡಲೇ ತೆರವಾಗುವುದಿಲ್ಲ.

ಒಂದೇ ಹೊಸ್ತಿಲು, ಬೇರೆ ಬೇರೆ ಒಲೆ

ಇದಕ್ಕೆ ಪರಿಹಾರವೇ ಪಾರ್ಟಿಷನ್. ಹೊರಗಿನಿಂದ ನೋಡುವವರಿಗೆ ಕೋಷ್ಟಕ ಒಂದೇ, ಹೆಸರೂ ಒಂದೇ. ಒಳಗೆ ಮಾತ್ರ ಬೇರೆ ಬೇರೆ ಪಾಲುಗಳು, ಪ್ರತಿಯೊಂದಕ್ಕೂ ತನ್ನದೇ ಜಾಗ. ಹೊಸ್ತಿಲು ಒಂದೇ ಇಟ್ಟುಕೊಂಡು ಒಳಗೆ ಒಲೆ ಬೇರೆ ಮಾಡಿಕೊಂಡ ದೊಡ್ಡ ಮನೆಯಂತೆ ಎನ್ನಬಹುದು. ಒರಾಕಲ್ ಇದನ್ನು 1997ರಲ್ಲಿ ತನ್ನ ಎಂಟನೆಯ ಆವೃತ್ತಿಯಲ್ಲಿ ತಂದಿತು. ಮೈಎಸ್‌ಕ್ಯೂಎಲ್‌ನಲ್ಲಿ 2008ರ 5.1ನೆಯ ಆವೃತ್ತಿಯೊಡನೆ ಬಂತು. ಪೋಸ್ಟ್‌ಗ್ರೆಸ್‌ನಲ್ಲಿ ನೇರವಾಗಿ ಹೇಳಿ ಪಾಲು ಮಾಡುವ ಸೌಲಭ್ಯ 2017ರ ಹತ್ತನೆಯ ಆವೃತ್ತಿಯಲ್ಲಿ ಸಿಕ್ಕಿತು.

ಪಾಲು ಮಾಡುವ ಕ್ರಮ ಮುಖ್ಯವಾಗಿ ಮೂರು. ಮೊದಲನೆಯದು ವ್ಯಾಪ್ತಿಯ ಪ್ರಕಾರ: ಈ ದಿನಾಂಕದಿಂದ ಆ ದಿನಾಂಕದವರೆಗೆ ಒಂದು ಪಾಲು. ಎರಡನೆಯದು ಪಟ್ಟಿಯ ಪ್ರಕಾರ: ಮಹಾರಾಷ್ಟ್ರ ಒಂದು, ಕರ್ನಾಟಕ ಒಂದು, ತಮಿಳುನಾಡು ಒಂದು ಎಂಬಂತೆ. ಮೂರನೆಯದು ಹ್ಯಾಷ್: ಖಾತೆಯ ಸಂಖ್ಯೆಯನ್ನು ಭಾಗಿಸಿ ಉಳಿದ ಶೇಷದ ಪ್ರಕಾರ ಸಮನಾಗಿ ಹಂಚುವುದು. ವರ್ಷವಾರು ಲೆಕ್ಕ ಇಡುವವರಿಗೆ ಮೊದಲನೆಯದೇ ಸರಿ. ನಾವೂ ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಹಣಕಾಸು ವರ್ಷಕ್ಕೆ ಒಂದರಂತೆ ಪಾಲು ಮಾಡಲು ನಿಶ್ಚಯಿಸಿದೆವು.

ಇದರಿಂದ ಲಾಭವೇನು? 2015-16ರ ವರದಿ ಬೇಕೆಂದರೆ ಯಂತ್ರವು ಆ ಒಂದು ಪಾಲನ್ನಷ್ಟೇ ತೆರೆಯುತ್ತದೆ, ಉಳಿದವುಗಳ ಬಾಗಿಲನ್ನೂ ತಟ್ಟುವುದಿಲ್ಲ. ಹಳೆಯ ವರ್ಷ ಬೇಡವಾದರೆ ಆ ಪಾಲನ್ನೇ ಒಂದು ಆಜ್ಞೆಯಿಂದ ತೆಗೆದುಬಿಡಬಹುದು. ಗಂಟೆಗಳ ಕೆಲಸ ಕ್ಷಣಗಳಲ್ಲಿ ಮುಗಿಯುತ್ತದೆ.

ಆದರೆ ಪಾಲು ಮಾಡಿದ ಮಾತ್ರಕ್ಕೆ ಎಲ್ಲವೂ ವೇಗವಾಗುತ್ತದೆಂದು ತಿಳಿಯಬೇಡಿ. ಒಂದು ರಸೀದಿಯನ್ನು ಅದರ ಸಂಖ್ಯೆಯಿಂದ ಹುಡುಕಲು ಇಂಡೆಕ್ಸ್ ಇದ್ದರೆ ಸಾಕು. ಪುಸ್ತಕದ ಕೊನೆಯ ಪದಸೂಚಿಯಂತೆ ಅದು ನೇರವಾಗಿ ಸ್ಥಳ ತೋರಿಸುತ್ತದೆ. ಪಾಲು ಮಾಡಿದ ಮೇಲೆ ದಿನಾಂಕ ಹೇಳದೆ ಬರೀ ರಸೀದಿ ಸಂಖ್ಯೆ ಕೇಳಿದಿರೋ, ಯಂತ್ರ ಪ್ರತಿಯೊಂದು ಪಾಲಿನ ಸೂಚಿಯನ್ನೂ ತಿರುವಿ ಹಾಕಬೇಕಾಗುತ್ತದೆ. ಮೊದಲಿಗಿಂತ ನಿಧಾನವಾದರೂ ಆಶ್ಚರ್ಯವಿಲ್ಲ. ಜನರು ಯಾವ ಪ್ರಶ್ನೆ ಹೆಚ್ಚು ಕೇಳುತ್ತಾರೆಂದು ನೋಡಿಕೊಂಡೇ ಪಾಲಿನ ಗೆರೆ ಎಳೆಯಬೇಕು. ಸಣ್ಣ ಕೋಷ್ಟಕಕ್ಕೆ ಈ ಗೋಜೇ ಬೇಡ.

ಪಾಲಿಗೆ ತೆರಬೇಕಾದ ಬೆಲೆ

ಇನ್ನೊಂದು ವಿಷಯ ಅನೇಕರಿಗೆ ತಡವಾಗಿ ತಿಳಿಯುತ್ತದೆ. ಪ್ರತಿ ಕೋಷ್ಟಕಕ್ಕೂ ಪ್ರೈಮರಿ ಕೀ ಎಂಬುದೊಂದು ಇರುತ್ತದೆ. ಒಂದೇ ಸಂಖ್ಯೆಯ ಎರಡು ಸಾಲು ಸೇರದಂತೆ ಕಾಯುವ ಕಾವಲುಗಾರ ಅದು. ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿ ಪಾಲು ಮಾಡುವಾಗ, ಯಾವ ಕಾಲಂ ಹಿಡಿದು ಪಾಲು ಮಾಡುತ್ತೀರೋ ಅದು ಆ ಕೀಯ ಒಳಗೆ ಸೇರಿರಲೇಬೇಕು. ಅಂದರೆ ಮೊದಲು ಬರೀ ರಸೀದಿ ಸಂಖ್ಯೆ ಇದ್ದ ಕಡೆ ಈಗ ರಸೀದಿ ಸಂಖ್ಯೆ ಮತ್ತು ದಿನಾಂಕ ಎರಡೂ ಸೇರಿ ಕೀ ಆಗಬೇಕು. ಕಾರಣ ಸರಳ. ಕಾವಲುಗಾರ ತನ್ನ ಪಾಲಿನೊಳಗೆ ಮಾತ್ರ ನೋಡಬಲ್ಲ, ಪಕ್ಕದ ಪಾಲಿನಲ್ಲಿ ಏನಿದೆಯೆಂದು ಅವನಿಗೆ ಕಾಣದು. ಹೀಗಾಗಿ ಒಂದೇ ರಸೀದಿ ಸಂಖ್ಯೆ ಬೇರೆ ಬೇರೆ ದಿನಾಂಕದೊಡನೆ ಎರಡು ಸಲ ಬಂದರೆ ಯಂತ್ರ ತಡೆಯುವುದಿಲ್ಲ. ಆ ಎಚ್ಚರಿಕೆಯನ್ನು ಪ್ರೋಗ್ರಾಮ್ ಬರೆಯುವವರೇ ವಹಿಸಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಪಾಲು ಮಾಡಿದ ಕೋಷ್ಟಕಕ್ಕೆ ಫಾರಿನ್ ಕೀ ಸಂಬಂಧವನ್ನೂ ಇಡುವಂತಿಲ್ಲ. ಗೆರೆ ಎಳೆಯುವ ಮುನ್ನ ಇವನ್ನೆಲ್ಲ ತೂಗಿ ನೋಡಬೇಕು.

ಗಂಟು ಮೂಟೆ ಕಟ್ಟುವುದು

ಇನ್ನು ಸಾಗಣೆ. ತುಂಬಿದ ಕೋಷ್ಟಕವನ್ನು ಇದ್ದಲ್ಲೇ ಪಾಲು ಮಾಡೆಂದು ಆಜ್ಞೆ ಕೊಡಬಹುದು. ಆಗ ಯಂತ್ರ ಇಡೀ ಕೋಷ್ಟಕವನ್ನು ಹೊಸದಾಗಿ ಬರೆಯಲು ಕೂರುತ್ತದೆ. ಅದು ಮುಗಿಯುವವರೆಗೆ ಯಾರೂ ಹೊಸ ಸಾಲು ಸೇರಿಸುವಂತಿಲ್ಲ. ದೊಡ್ಡ ಕೋಷ್ಟಕಕ್ಕೆ ಇದು ಆಗದ ಮಾತು. ಆದ್ದರಿಂದ ಅನುಭವಿಗಳು ಬೇರೆ ದಾರಿ ಹಿಡಿಯುತ್ತಾರೆ: ಪಾಲುಗಳಿರುವ ಹೊಸ ಖಾಲಿ ಕೋಷ್ಟಕ ಕಟ್ಟಿ, ಹಳೆಯದರಿಂದ ಸಾಲುಗಳನ್ನು ಸ್ವಲ್ಪ ಸ್ವಲ್ಪವಾಗಿ ತಂದು ತುಂಬಿ, ಕೊನೆಗೆ ಹೆಸರು ಅದಲು ಬದಲು ಮಾಡುವುದು.

ತುಂಬುವುದಕ್ಕೂ ಒಂದು ಪದ್ಧತಿ ಇದೆ. ಮುಗಿದುಹೋದ ವರ್ಷಗಳ ಲೆಕ್ಕ ಇನ್ನು ಬದಲಾಗುವುದಿಲ್ಲವಾದ್ದರಿಂದ ಅವನ್ನು ಮುಂಚಿತವಾಗಿಯೇ ಸಾಗಿಸಬಹುದು, ಚಾಲ್ತಿ ವರ್ಷದ್ದನ್ನು ಮಾತ್ರ ಕೊನೆಯ ರಾತ್ರಿಗೆ ಇಟ್ಟುಕೊಂಡರಾಯಿತು. ಎಲ್ಲವನ್ನೂ ಒಂದೇ ಮೂಟೆ ಕಟ್ಟಬಾರದು. ಐವತ್ತು ಸಾವಿರ ಸಾಲಿಗೊಮ್ಮೆ ಕಮಿಟ್ ಮಾಡುತ್ತಾ ಹೋದರೆ ನಡುವೆ ಏನಾದರೂ ಕೆಟ್ಟರೂ ಅಲ್ಲಿಂದಲೇ ಮುಂದುವರಿಸಬಹುದು. ಪ್ರೈಮರಿ ಕೀ ಹೊರತು ಬೇರೆ ಇಂಡೆಕ್ಸ್‌ಗಳನ್ನು ತುಂಬಿದ ಮೇಲೆ ಕಟ್ಟುವುದು ಒಳ್ಳೆಯದು. ಪುಸ್ತಕ ಬರೆಯುತ್ತಾ ಒಂದೊಂದು ಪದಕ್ಕೂ ಪದಸೂಚಿ ತಿದ್ದುವುದಕ್ಕಿಂತ ಕೊನೆಗೊಮ್ಮೆ ಬರೆಯುವುದು ಸುಲಭವಲ್ಲವೇ? ಎಲ್ಲ ಮುಗಿದ ಮೇಲೆ ಅನಲೈಜ್ ಎಂಬ ಆಜ್ಞೆ ಕೊಟ್ಟರೆ ಯಾವ ಪಾಲಿನಲ್ಲಿ ಎಷ್ಟಿದೆಯೆಂಬ ಅಂದಾಜು ಯಂತ್ರಕ್ಕೆ ಸಿಗುತ್ತದೆ.

ನಾವು ಇವೆಲ್ಲವನ್ನೂ ಕ್ರಮವಾಗಿಯೇ ಮಾಡಿದ್ದೆವು. ವಾರವಿಡೀ ರಾತ್ರಿ ಹೊತ್ತು ಹನ್ನೊಂದು ಹಳೆಯ ವರ್ಷಗಳನ್ನು ಸಾಗಿಸಿದ್ದೆವು. ಸಾಗಿಸುವ ಆಜ್ಞೆ ಬರೆದವನು ನಾನೇ. ಇಪ್ಪತ್ತು ವರ್ಷದ ಅನುಭವ, ಯಾರಿಗೂ ತೋರಿಸಿ ಪರಿಶೀಲಿಸಬೇಕೆಂದು ಅನಿಸಲಿಲ್ಲ.

ಆ ರಾತ್ರಿ ನಡೆದುದು

ಶನಿವಾರ ರಾತ್ರಿ 10 ಗಂಟೆಗೆ ವ್ಯವಹಾರ ನಿಲ್ಲಿಸಿದೆವು. ಬೆಳಿಗ್ಗೆ 6ಕ್ಕೆ ಮತ್ತೆ ತೆರೆಯಬೇಕು. ಚಾಲ್ತಿ ವರ್ಷದ ಸಾಲುಗಳನ್ನು ತುಂಬಿ, ಇಂಡೆಕ್ಸ್ ಕಟ್ಟಿ, ಹೆಸರು ಬದಲಿಸುವಷ್ಟರಲ್ಲಿ ಗಂಟೆ ನಾಲ್ಕಾಯಿತು. ಎಲ್ಲರ ಕಣ್ಣೂ ಕೆಂಪಾಗಿತ್ತು. ಹಳೆಯದು, ಹೊಸದು ಎರಡೂ ಇದ್ದುದರಿಂದ ಡಿಸ್ಕು ನೂರಕ್ಕೆ ತೊಂಬತ್ತರಷ್ಟು ತುಂಬಿ ಎಚ್ಚರಿಕೆಯ ಸಂದೇಶ ಬರತೊಡಗಿತ್ತು. ಹಳೆಯ ಕೋಷ್ಟಕವನ್ನು ತೆಗೆದರೆ ಆ ತಲೆನೋವು ಮುಗಿಯುತ್ತಿತ್ತು.

ಎರಡರಲ್ಲೂ ಸಾಲುಗಳ ಸಂಖ್ಯೆ ಎಷ್ಟೆಂದು ನೋಡಿದೆ. ಹೆಚ್ಚು ಕಡಿಮೆ ಹೊಂದುತ್ತಿತ್ತು. "ಸರಿಯಾಗಿದೆ, ಹಳೆಯದನ್ನು ತೆಗೆಯೋಣ" ಎಂದು ಡ್ರಾಪ್ ಟೇಬಲ್ ಆಜ್ಞೆಯನ್ನು ಟೈಪ್ ಮಾಡಿದೆ. ಇನ್ನು ಎಂಟರ್ ಒತ್ತುವುದೊಂದೇ ಬಾಕಿ.

ತಂಡಕ್ಕೆ ಸೇರಿ ವರ್ಷವೂ ತುಂಬದ ಹುಡುಗಿಯೊಬ್ಬಳು ಪಕ್ಕದಲ್ಲಿ ಕುಳಿತಿದ್ದಳು. ಮೆಲ್ಲಗೆ ಹೇಳಿದಳು: "ಸರ್, ನೀವು ನೋಡಿದ್ದು ಅಂದಾಜಿನ ಸಂಖ್ಯೆ ಅಲ್ಲವಾ? ಒಂದು ಸಲ ತಿಂಗಳವಾರು ಎಣಿಸಿ ನೋಡೋಣವಾ?"

ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂತು. ಬೆಳಗಿನ ಜಾವ, ಸಮಯವಿಲ್ಲ, ಅದರಲ್ಲೂ ಹೊಸಬಳ ಮಾತು. ಆದರೆ ಅವಳು ಹೇಳಿದ್ದು ಸತ್ಯ. ಮೈಎಸ್‌ಕ್ಯೂಎಲ್ ಇನ್ನೋಡಿಬಿಯಲ್ಲಿ ಮಾಹಿತಿ ಪಟ್ಟಿಯಲ್ಲಿ ಕಾಣುವ ಸಾಲುಗಳ ಸಂಖ್ಯೆ ನಿಖರವಲ್ಲ, ಅದು ಕೆಲವು ಪುಟಗಳನ್ನು ನೋಡಿ ಹಾಕಿದ ಅಂದಾಜು ಮಾತ್ರ. ಒಂದೊಂದಾಗಿ ಎಣಿಸಲು ಹೊತ್ತು ಹಿಡಿಯುತ್ತದೆಂದು ನಾನು ಅಡ್ಡದಾರಿ ಹಿಡಿದಿದ್ದೆ. ಅದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ನಿದ್ದೆಗಣ್ಣಿನಲ್ಲಿ ಮರೆತಿದ್ದೆ.

"ಆಗಲಿ, ಒಂದು ತಿಂಗಳು ನೋಡು" ಎಂದೆ. ವ್ಯವಹಾರ ಅತಿ ಹೆಚ್ಚಿರುವುದು ಮಾರ್ಚಿನಲ್ಲಿ ಎಂದು ಅವಳು 2018ರ ಮಾರ್ಚನ್ನೇ ಆರಿಸಿಕೊಂಡಳು. ಹಳೆಯದರಲ್ಲಿ ಒಂದು ಸಂಖ್ಯೆ, ಹೊಸದರಲ್ಲಿ ಅದಕ್ಕಿಂತ ಬಹಳ ಕಡಿಮೆ. ಫೆಬ್ರವರಿ ನೋಡಿದಳು, ಸರಿಯಿತ್ತು. ಏಪ್ರಿಲ್ ಸರಿಯಿತ್ತು. 2017ರ ಮಾರ್ಚ್ ಮತ್ತೆ ಕಡಿಮೆ. 2016ರದೂ ಕಡಿಮೆ. ನನಗೆ ಎಸಿ ಕೋಣೆಯಲ್ಲೂ ಬೆವರು ಬಂತು.

ತಪ್ಪು ನಾನು ಬರೆದ ಒಂದು ಸಾಲಿನಲ್ಲಿತ್ತು. ಪ್ರತಿ ವರ್ಷಕ್ಕೂ "ಏಪ್ರಿಲ್ 1 ಮತ್ತು ಮಾರ್ಚ್ 31ರ ನಡುವಿನ ಸಾಲುಗಳನ್ನು ತಾ" ಎಂದು ಬಿಟ್ವೀನ್ ಪದ ಬಳಸಿ ಬರೆದಿದ್ದೆ. ಓದಲು ಎಷ್ಟು ಸರಿ! ಆದರೆ ಆ ಕಾಲಂನಲ್ಲಿ ಬರೀ ದಿನಾಂಕವಲ್ಲ, ಗಂಟೆ ನಿಮಿಷವೂ ಇರುತ್ತಿತ್ತು. ಬರೀ ಮಾರ್ಚ್ 31 ಎಂದರೆ ಯಂತ್ರ ಅದನ್ನು ಮಾರ್ಚ್ 31ರ ಮಧ್ಯರಾತ್ರಿ ಸೊನ್ನೆ ಗಂಟೆ ಸೊನ್ನೆ ನಿಮಿಷ ಎಂದು ತಿಳಿಯುತ್ತದೆ. ದಿನ ಆರಂಭವಾಗುವ ಆ ಕ್ಷಣದವರೆಗಿನ ಸಾಲುಗಳು ಬಂದಿದ್ದವು. ಆ ಕ್ಷಣದ ನಂತರ ಮಾರ್ಚ್ 31ರಂದು ದಿನವಿಡೀ ನಡೆದ ವ್ಯವಹಾರವೆಲ್ಲ ಹಿಂದೆಯೇ ಉಳಿದಿತ್ತು. ಅದೂ ಹನ್ನೊಂದು ವರ್ಷಗಳದ್ದು.

ಮಿತ್ರರೇ, ಮಾರ್ಚ್ 31 ಎಂದರೆ ನಿಮ್ಮ ಮನೆಯಲ್ಲೂ ಏನೆಂದು ಗೊತ್ತು. ತೆರಿಗೆ ಉಳಿಸಲೆಂದು ಕೊನೆಯ ದಿನ ಓಡಿ ಹೋಗಿ ಹಣ ಕಟ್ಟುವವರು, ವರ್ಷದ ಲೆಕ್ಕ ಮುಗಿಸಲು ಸಾಲದ ಕಂತು ತೀರಿಸುವವರು, ಹೋಟೆಲಿನ ಗಲ್ಲಾ ಮುಚ್ಚಿ ಚೆಕ್ ತಂದು ಕೊಡುವವರು. ಇವರೆಲ್ಲರ ರಸೀದಿಗಳು ನನ್ನ ಒಂದು ಬೆರಳಿನ ತುದಿಯಲ್ಲಿದ್ದವು. ಬ್ಯಾಕಪ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಅದನ್ನು ಇಡುತ್ತಿದ್ದುದು ಮೂರು ತಿಂಗಳು ಮಾತ್ರ. ತಪ್ಪು ಬಯಲಾಗುತ್ತಿದ್ದುದು ವರ್ಷದ ಲೆಕ್ಕ ಪರಿಶೋಧನೆಯಲ್ಲಿ, ಇಲ್ಲವೇ ಯಾರೋ ಹಿರಿಯರು ಹಳೆಯ ರಸೀದಿ ಹಿಡಿದು ಕೌಂಟರಿಗೆ ಬಂದು "ನಾನು ಕಟ್ಟಿದ್ದೇನೆ" ಎಂದಾಗ. ಅವರ ಮಾತನ್ನು ನಾವು ನಂಬುತ್ತಿದ್ದೆವೋ, ಕಂಪ್ಯೂಟರನ್ನು ನಂಬುತ್ತಿದ್ದೆವೋ?

ಎಂಟರ್ ಒತ್ತಲಿಲ್ಲ. ಟೈಪ್ ಮಾಡಿದ್ದನ್ನು ಅಳಿಸಿದೆ. ಬೇಡದ ಕೆಲವು ಫೈಲುಗಳನ್ನು ಬೇರೆ ಯಂತ್ರಕ್ಕೆ ಸಾಗಿಸಿ ಡಿಸ್ಕಿನಲ್ಲಿ ಜಾಗ ಮಾಡಿದೆವು. ಆಮೇಲೆ ಹೊಸ ಕೋಷ್ಟಕದಿಂದ ಹನ್ನೊಂದು ಮಾರ್ಚ್ 31ರ ಸಾಲುಗಳನ್ನು ಪೂರ್ತಿ ಅಳಿಸಿ, ಆ ದಿನಗಳನ್ನು ಹಳೆಯದರಿಂದ ಹೊಸದಾಗಿ ತುಂಬಿದೆವು. ಅಳಿಸಿದ್ದೇಕೆಂದರೆ, ಸರಿಯಾಗಿ ಮಧ್ಯರಾತ್ರಿಯ ಕ್ಷಣದ ಕೆಲವು ಸಾಲುಗಳು ಮೊದಲೇ ಬಂದಿದ್ದವು, ಅವು ಎರಡನೆಯ ಸಲ ಬಂದು ತೊಡಕಾಗಬಾರದು. ಬಳಿಕ ಎಲ್ಲ ತಿಂಗಳುಗಳನ್ನೂ ಎಣಿಸಿದೆವು, ಮೊತ್ತವನ್ನೂ ಕೂಡಿಸಿ ತಾಳೆ ನೋಡಿದೆವು. ಎಲ್ಲ ಹೊಂದಿತು. 6ಕ್ಕೆ ತೆರೆಯಬೇಕಾದ ವ್ಯವಹಾರ 7 ಗಂಟೆಗೆ ತೆರೆಯಿತು.

ಸೋಮವಾರ ಮೇಲಧಿಕಾರಿಗಳಿಗೆ ಒಂದು ಗಂಟೆ ತಡವಾದುದೇಕೆಂದು ಬರೆದು ಕೊಟ್ಟೆ. ತಪ್ಪು ನನ್ನದು, ಹಿಡಿದವಳು ಅವಳು ಎಂದೇ ಬರೆದೆ. ಬರೆಯುವಾಗ ಕೈ ಸ್ವಲ್ಪ ತಡೆಯಿತು, ಸುಳ್ಳು ಹೇಳಲಾರೆ.

ನೆನಪಿನಲ್ಲಿಡಬೇಕಾದ ಮಾತುಗಳು

ಆ ರಾತ್ರಿಯಿಂದ ನಾನು ಪಾಲಿಸಿಕೊಂಡು ಬಂದ ಕೆಲವು ನಿಯಮಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು. ಕಾಲದ ಗೆರೆ ಎಳೆಯುವಾಗ "ಈ ದಿನ ಮತ್ತು ಆನಂತರ, ಆ ದಿನಕ್ಕಿಂತ ಮುಂಚೆ" ಎಂದೇ ಬರೆಯಿರಿ. ಏಪ್ರಿಲ್ 1 ಸೇರಿ, ಮುಂದಿನ ಏಪ್ರಿಲ್ 1 ಸೇರದೆ. ಆಗ ಒಂದು ಕ್ಷಣವೂ ನಡುವೆ ಬಿದ್ದುಹೋಗುವುದಿಲ್ಲ, ಒಂದು ಕ್ಷಣವೂ ಎರಡು ಕಡೆ ಲೆಕ್ಕಕ್ಕೆ ಬರುವುದಿಲ್ಲ. ಪಾರ್ಟಿಷನ್ನಿನ ಗೆರೆಗಳೂ ಹೀಗೆಯೇ. ಮೈಎಸ್‌ಕ್ಯೂಎಲ್‌ನ ಲೆಸ್ ದ್ಯಾನ್ ಆಗಲಿ, ಪೋಸ್ಟ್‌ಗ್ರೆಸ್‌ನ ಫ್ರಮ್-ಟು ಆಗಲಿ, ಮೇಲಿನ ಮಿತಿಯನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ.

ಎರಡು. ಬರೀ ಒಟ್ಟು ಸಂಖ್ಯೆ ಸಾಲದು. ತಿಂಗಳವಾರು ಎಣಿಕೆ, ತಿಂಗಳವಾರು ಮೊತ್ತ, ಪ್ರತಿ ಪಾಲಿನ ಮೊದಲ ದಿನಾಂಕ ಮತ್ತು ಕೊನೆಯ ದಿನಾಂಕ, ಇಷ್ಟನ್ನೂ ಎರಡೂ ಕಡೆ ತಾಳೆ ನೋಡಿ. ತಪ್ಪುಗಳು ಅಡಗುವುದು ಅಂಚಿನಲ್ಲಿ.

ಮೂರು. ದಿನಾಂಕವೇ ಇಲ್ಲದ ಸಾಲುಗಳಿವೆಯೇ ಎಂದು ಮೊದಲೇ ನೋಡಿ. ಮೈಎಸ್‌ಕ್ಯೂಎಲ್ ಅವನ್ನು ಎಲ್ಲಕ್ಕಿಂತ ಕೆಳಗಿನ ಪಾಲಿಗೆ ಹಾಕುತ್ತದೆ, ಒರಾಕಲ್ ಎಲ್ಲಕ್ಕಿಂತ ಮೇಲಿನದಕ್ಕೆ. ಪೋಸ್ಟ್‌ಗ್ರೆಸ್‌ನಲ್ಲಿ ಡೀಫಾಲ್ಟ್ ಪಾಲು ಇಲ್ಲದಿದ್ದರೆ ಅವಕ್ಕೆ ಜಾಗವೇ ಇಲ್ಲ.

ನಾಲ್ಕು. ಮುಂದಿನ ವರ್ಷದ ಪಾಲನ್ನು ಮುಂಚಿತವಾಗಿ ಕಟ್ಟಿಡಿ. ಮರೆತರೆ ಏಪ್ರಿಲ್ 1ರ ಬೆಳಿಗ್ಗೆ ಮೊದಲ ಗ್ರಾಹಕನ ಸಾಲಿಗೆ ಮನೆಯಿರುವುದಿಲ್ಲ, ಯಂತ್ರ ತಿರಸ್ಕರಿಸುತ್ತದೆ. ಮೇಲ್ಮಿತಿಯಿಲ್ಲದ ಕೊನೆಯ ಪಾಲೊಂದನ್ನು ಇಟ್ಟರೆ ತಿರಸ್ಕಾರ ತಪ್ಪುತ್ತದೆ, ಆದರೆ ಎಲ್ಲ ಅಲ್ಲಿಯೇ ರಾಶಿ ಬಿದ್ದು ಮತ್ತೊಮ್ಮೆ ಪಾಲು ಮಾಡುವ ಕೆಲಸ ಬರುತ್ತದೆ.

ಐದು. ಹಳೆಯ ಕೋಷ್ಟಕವನ್ನು ಅದೇ ರಾತ್ರಿ ತೆಗೆಯಬೇಡಿ. ಒಂದು ತಿಂಗಳಾದರೂ ಇರಲಿ. ಡಿಸ್ಕ್ ಸಾಲದಿದ್ದರೆ ಡಿಸ್ಕ್ ಕೊಳ್ಳಿ, ಅದು ಅಗ್ಗ.

ಆರು. ಇದು ಕಂಪ್ಯೂಟರಿನ ಪುಸ್ತಕದಲ್ಲಿ ಇಲ್ಲ. ಕೆಲಸಕ್ಕೆ ಸೇರಿ ಎಷ್ಟೇ ದಿನವಾಗಿರಲಿ, ಸಂಶಯ ಬಂದರೆ ಬಾಯಿ ಬಿಟ್ಟು ಹೇಳಿ. ಹಿರಿಯರು ಸಿಟ್ಟಾಗಬಹುದು, ಆಗಲಿ. ನಮ್ಮ ಮನೆಗಳಲ್ಲಿ ಹಿರಿಯರಿಗೆ ಎದುರಾಡಬಾರದೆಂದು ಕಲಿಸಿದ್ದಾರೆ. ಎದುರಾಡುವುದು ಬೇರೆ, ಎಚ್ಚರಿಸುವುದು ಬೇರೆ. ಆ ಹುಡುಗಿ ಎದುರಾಡಲಿಲ್ಲ. "ಎಣಿಸಿ ನೋಡೋಣವಾ" ಎಂದು ಕೇಳಿದಳು, ಅಷ್ಟೆ. ಇಂದು ಅವಳು ಬೇರೊಂದು ಊರಿನಲ್ಲಿ ದೊಡ್ಡ ತಂಡವನ್ನು ನಡೆಸುತ್ತಿದ್ದಾಳೆ.

ಭಾನುವಾರ ಒಂಬತ್ತು ಗಂಟೆಗೆ ಮನೆ ತಲುಪಿದೆ. ತಾಯಿಯವರು ಬಾಗಿಲು ತೆರೆದು ಕಾಫಿ ಕೊಟ್ಟು ಕೇಳಿದರು: "ಪಾಲು ಆಯಿತಾ? ಯಾರಿಗೂ ಕಡಿಮೆ ಬೀಳಲಿಲ್ಲ ತಾನೇ?"

"ಬೀಳುವುದಿತ್ತು ಅಮ್ಮ. ಒಂದು ಹುಡುಗಿ ತಪ್ಪಿಸಿದಳು" ಎಂದೆ.

"ಹಾಗಾದರೆ ಒಂದು ದಿನ ಅವಳನ್ನು ಊಟಕ್ಕೆ ಕರೆ" ಎಂದರು. ಕರೆದೆ. ಬಂದಳು. ತಾಯಿಯವರು ನೀರು ದೋಸೆ ಮಾಡಿದ್ದರು.